ವಲ್ಲಿಯ ಕೆಳಗಿನ ವಿಮೆ

ಝಳಕಿಯ ಶ್ರೀಶೈಲಪ್ಪನ ಬಾಯಿಂದ ಒಂದು ದರ ಹೊರಬಿದ್ದದ್ದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಮೂವತ್ತೈದು ವರ್ಷ ದನದ ಸಂತೆಗಳಲ್ಲಿ ಎತ್ತಿನ ದಲಾಲಿ ಮಾಡಿದ ಮನುಷ್ಯ. ಹೆಗಲ ಮೇಲಿನ ವಲ್ಲಿಯನ್ನು ಎದುರಿನವನ ಕೈಮೇಲೆ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದೇ ವ್ಯಾಪಾರ ಮುಗಿಸುತ್ತಿದ್ದ. ಒಂದು ಬೆರಳೆಂದರೆ ಒಂದು, ಇಡೀ ಅಂಗೈ ಎಂದರೆ ಐದು. ಸಾವಿರವೋ ನೂರೋ ಎಂಬುದು ಮಾಲು ನೋಡಿದವರಿಗೆ ತಾನಾಗಿಯೇ ತಿಳಿಯಬೇಕು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯೊಳಗೆ ಇಲಿ ಹೊಕ್ಕಂಥ ಅಲುಗಾಟ ಮಾತ್ರ. ಕೊಂಡ ಬೆಲೆಯನ್ನು ಯಾರಿಗೂ ಬಿಟ್ಟುಕೊಡಬಾರದು ಎಂಬುದು ಅವನ ಕಸುಬಿನ ಮೊದಲ ಪಾಠ. ಆ ಪಾಠವನ್ನು ಅವನು ಹೆಂಡತಿಯ ಮೇಲೆಯೇ ಹೆಚ್ಚು ನಡೆಸಿದ್ದ. ಏಳು ವರ್ಷದ ಹಿಂದೆ ಮನೆಗೆ ತಂದ ಫ್ಯಾನಿನ ಬೆಲೆ ಲಕ್ಕವ್ವನಿಗೆ ಇನ್ನೂ ಗೊತ್ತಿಲ್ಲ.

ಸಂತೆಗೆ ಎತ್ತು ಬರುವುದು ಕಡಿಮೆಯಾದ ಮೇಲೆ ಅವನು ಒಂದು ಹಳೆಯ ಪಿಕಪ್ ಗಾಡಿ ಕೊಂಡ. ಲಕ್ಕವ್ವ ಬಡಿದ ಕಡಕ್ ರೊಟ್ಟಿಗಳನ್ನು ಗಂಡಹೆಂಡತಿ ಇಬ್ಬರೂ ದಿನಾ ಇಂಡಿ ಪಟ್ಟಣದ ಖಾನಾವಳಿಗಳಿಗೆ ಮುಟ್ಟಿಸುತ್ತಿದ್ದರು. ಹೀಗೆ ನಾಲ್ಕು ವರ್ಷ ನಡೆದಿತ್ತು. ಈಗ ಗಾಡಿಯ ವಿಮೆ ಶನಿವಾರ ಮುಗಿಯಲಿತ್ತು.

"ಇನ್ಶೂರೆನ್ಸ್ ಇಲ್ಲದ ಗಾಡಿಯಾಗ ನಾನೂ ಕೂಡೂದಿಲ್ಲ, ನನ್ನ ರೊಟ್ಟೀನೂ ಕೂಡೂದಿಲ್ಲ," ಎಂದಳು ಲಕ್ಕವ್ವ. ಅವಳು ಹಾಗೆ ಹೇಳಿದಳೆಂದರೆ ಭಾನುವಾರದಿಂದ ಗಾಡಿ ಬೇವಿನ ಮರದ ಕೆಳಗೆ ಕೋಳಿಗೂಡು ಎಂದೇ ಅರ್ಥ.

ಪ್ರತಿವರ್ಷ ಗಾಡಿ ಮಾರಿದವನೇ ವಿಮೆ ಮಾಡಿಸಿಕೊಡುತ್ತಿದ್ದ. ಅವನು ಊರು ಬಿಟ್ಟಿದ್ದರಿಂದ ಈ ಸಲ ವ್ಯಾಪಾರ ತನ್ನ ಕೈಗೇ ಬಂತೆಂದು ಶ್ರೀಶೈಲಪ್ಪನಿಗೆ ಒಳಗೊಳಗೇ ಖುಷಿ. ಹಳೆಯ ಪಾಲಿಸಿಯನ್ನು ನಾಲ್ಕಾಗಿ ಮಡಚಿ ಎದೆಯ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡು ಬುಧವಾರ ಹೊರಟ.

ಇಂಡಿಯ ಏಜೆಂಟ ಮೊದಲು ಕೇಳಿದ್ದೇ ಹಳೆಯ ಪಾಲಿಸಿಯನ್ನು. ಶ್ರೀಶೈಲಪ್ಪ ಮನಸ್ಸಿನಲ್ಲೇ ನಕ್ಕ. ಹೋದ ವರ್ಷ ಎಷ್ಟು ಕೊಟ್ಟಿದ್ದೆ ಎಂದು ಗೊತ್ತಾದರೆ ಇವನು ಅಲ್ಲಿಂದಲೇ ಏರಿಸುತ್ತಾನೆ, ಅಷ್ಟೂ ತಿಳಿಯದ ದಲಾಲಿಯೇ ತಾನು? "ಮನ್ಯಾಗ ಐತ್ರಿ," ಎಂದ. ಏಜೆಂಟ ಇಪ್ಪತ್ತೈದು ಸಾವಿರದ ಮೇಲೊಂದಿಷ್ಟು ಹೇಳಿದ.

ಗುರುವಾರ ಸಿಂದಗಿ. ಅಲ್ಲಿಯ ಏಜೆಂಟನ ಕೈಮೇಲೆ ವಲ್ಲಿ ಹೊದಿಸಿ ಬೆರಳು ಹಿಡಿದದ್ದೇ ತಡ, ಆತ ಇವನಿಗೆ ಏನೋ ಆಯಿತೆಂದು ಗಾಬರಿಯಾಗಿ ಕುರ್ಚಿ ಎಳೆದು ಕೂರಿಸಿ ನೀರು ಕುಡಿಸಿದ. ನೀರು ತಣ್ಣಗಿತ್ತು, ದರ ಮಾತ್ರ ಇಂಡಿಯದ್ದೇ.

ಶುಕ್ರವಾರ ಬಸವನ ಬಾಗೇವಾಡಿ. ಅಲ್ಲಿದ್ದವನು ಸಂತೆ ಬಲ್ಲ ಮನುಷ್ಯ. ವಲ್ಲಿಯೊಳಗೆ ತಾನೇ ಕೈ ಹಾಕಿದ. ಶ್ರೀಶೈಲಪ್ಪನ ಜೀವ ತಂಪಾಯಿತು. ಆದರೆ ಆ ಬೆರಳುಗಳೂ ಹೇಳಿದ್ದು ಇಪ್ಪತ್ತೈದನ್ನೇ.

"ಮೂರೂ ಊರವ್ರು ಒಳಗಿಂದೊಳಗ ಮಾತಾಡ್ಕೊಂಡಾರ," ಎಂದು ಅವನು ರಾತ್ರಿ ಊಟಕ್ಕೆ ಕೂತಾಗ ಹೇಳಿದ.

"ನಾಳೆ ಮುದ್ದೇಬಿಹಾಳಕ್ಕ ನಾನೂ ಬರ್ತೇನಿ," ಎಂದಳು ಲಕ್ಕವ್ವ. ಅದು ಅವಳ ತವರಿನ ಕಡೆಯ ಊರು. ಅಲ್ಲಿ ಬಸ್ ನಿಲ್ದಾಣದ ಎದುರು ವಿಮೆ ಮಾಡಿಸುವ ಯಾಸ್ಮಿನ ಎಂಬ ಹುಡುಗಿ ಚೊಲೊ ತಿಳಿಸಿ ಹೇಳುತ್ತಾಳೆಂದು ಅವಳ ಅಣ್ಣ ಫೋನಿನಲ್ಲಿ ಹೇಳಿದ್ದ.

ಶನಿವಾರ ಶ್ರೀಶೈಲಪ್ಪ ಯಾಸ್ಮಿನಳ ಮೇಜಿನ ಮುಂದೆ ಕೂತವನೇ ರೂಢಿಯಂತೆ ವಲ್ಲಿ ಹಾಸಿ ಕೈ ಮುಂದೆ ಮಾಡಿದ. ಎದುರು ಬಳೆಯ ಕೈ ಕಂಡದ್ದೇ, ಬಿಸಿ ಹಂಚು ಮುಟ್ಟಿದವನ ಹಾಗೆ ಹಿಂದಕ್ಕೆಳೆದುಕೊಂಡ. ಇಪ್ಪತ್ತೈದು ವರ್ಷದ ಹುಡುಗಿ, ಮಗಳ ವಯಸ್ಸು. ಬೆರಳು ಹಿಡಿಯುವುದುಂಟೇ?

"ಬಾಯಿಲೆ ಹೇಳ್ರಿ ಕಾಕಾ. ಎಷ್ಟರಾಗ ಬೇಕಾಗಿತ್ತು?" ಎಂದಳು ಯಾಸ್ಮಿನ.

ಶ್ರೀಶೈಲಪ್ಪ ಬಾಯಿ ತೆರೆದ. ಕೆಮ್ಮು ಬಂತು. ಮತ್ತೆ ತೆರೆದ, ಮತ್ತೆ ಕೆಮ್ಮೇ ಬಂತು. ಇಷ್ಟು ವಯಸ್ಸಾದವನಿಗೆ ಒಂದು ಸಂಖ್ಯೆ ಹೇಳಲು ನಾಚಿಕೆಯಾದದ್ದನ್ನು ಕಂಡು ಲಕ್ಕವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಹುಡುಗಿಗೆ ಏನು ತಿಳಿಯಿತೋ, ತಾನೇ ಬಿಡಿಸಿ ಹೇಳಿದಳು. "ನಿಮ್ಮ ಗಾಡಿಯಿಂದ ಮಂದಿಗಿ ಪೆಟ್ಟಾದ್ರ ಕೊಡೋ ಭಾಗದ್ದು ಸರಕಾರದ ದರ ಕಾಕಾ. ನಾಕೂರು ಅಲ್ಲ, ನಲವತ್ತೂರು ತಿರಗಿದ್ರೂ ಅದ ಇರತೈತಿ. ನಿಮ್ಮ ಗಾಡಿಯ ನುಕ್ಸಾನದ ಭಾಗ ಅಷ್ಟ ಹೆಚ್ಚುಕಡಿಮಿ ಆಗೂದು. ನಾಕ ವರ್ಷದಾಗ ಏನರ ಕ್ಲೇಮ್ ಮಾಡೀರೇನ್ರಿ?"

"ಒಂದ ಪೈಸೆನೂ ಕೇಳಿಲ್ಲ," ಎಂದ ಶ್ರೀಶೈಲಪ್ಪ ಎದೆ ಉಬ್ಬಿಸಿ.

"ಹಂಗಾದ್ರ ಆ ಭಾಗದಾಗ ಹತ್ರಹತ್ರ ಅರ್ಧ ಬಿಡ್ತಾರ. ಅದಕ್ಕ ಹಳೆ ಪಾಲಿಸಿ ನೋಡಬೇಕ್ರಿ. ಐತೇನು?"

ಅವನ ಕೈ ಕಿಸೆಯ ಗುಂಡಿಯ ಮೇಲೆ ಹೋಯಿತು. "ಮನ್ಯಾಗ..." ಎನ್ನುವಷ್ಟರಲ್ಲಿ ಲಕ್ಕವ್ವ ಗುಂಡಿ ಬಿಚ್ಚಿ ಕಾಗದ ಎಳೆದು ಮೇಜಿನ ಮೇಲಿಟ್ಟಾಗಿತ್ತು.

"ರೊಕ್ಕ ಕಡಿಮಿ ಮಾಡೋ ಕಾಗದಾನ ಎದೀಗ ಅವಚ್ಕೊಂಡು ಮೂರೂರು ತಿರಗಿ ಬಂದೀರಲ್ರಿ!" ಎಂದು ಗಂಡನನ್ನು ಗದರಿದಳು.

ಯಾಸ್ಮಿನ ಕಂಪ್ಯೂಟರಿನಲ್ಲಿ ಬೆರಳಾಡಿಸಿದಳು. ಶ್ರೀಶೈಲಪ್ಪ ಆ ಬೆರಳುಗಳನ್ನೇ ನೋಡುತ್ತ ಕೂತ, ಒಂದೂ ಅರ್ಥವಾಗಲಿಲ್ಲ. ಜೀವಮಾನವಿಡೀ ಮುಚ್ಚಿಟ್ಟು ಗೆದ್ದವನು ಇವತ್ತು ತೋರಿಸಿ ಗೆದ್ದಿದ್ದ, ಅದೂ ಹೆಂಡತಿಯ ಕೈಯಿಂದ. ಅವನಿಗೆ ಸಂತೋಷವೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ಹೊಸ ಪಾಲಿಸಿಯನ್ನು ಮಡಿಕೆ ಬೀಳದಂತೆ ಅದೇ ವಲ್ಲಿಯಲ್ಲಿ ಸುತ್ತಿಕೊಂಡು ಲಕ್ಕವ್ವ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕೂತಳು. ಅಂಗಡಿಯ ಚಮನಸಾಬ ಸಂತೆಯ ಕಾಲದಿಂದಲೂ ಪರಿಚಯದವನು. "ಎಷ್ಟಕ್ಕ ಕುದುರ್ತು ದಲಾಲ್ರ?" ಎಂದು ಕೇಳಿದ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ.

ಶ್ರೀಶೈಲಪ್ಪನ ಕೈ ಹೆಗಲಿಗೆ ಹೋಯಿತು. ಅಲ್ಲಿ ವಲ್ಲಿ ಇರಲಿಲ್ಲ. ಲಕ್ಕವ್ವ ಅವನನ್ನೇ ನೋಡುತ್ತಿದ್ದಳು.

"ಇಪ್ಪತ್ತೆರಡು ಸಾವಿರದ ನಾನೂರು!" ಎಂದ. ಧ್ವನಿ ತುಸು ಜೋರೇ ಆಯಿತು. ಚಮನಸಾಬನ ಕೈಯಲ್ಲಿದ್ದ ಚಹಾ ಕಪ್ಪಿನಾಚೆ ಬಿತ್ತು.

"ಬಾಯಿ ಬಂತಲ್ಲ," ಎಂದಳು ಲಕ್ಕವ್ವ. "ಇನ್ನ ಆ ಫ್ಯಾನಿಂದೂ ಹೇಳಿಬಿಡ್ರಿ."

ಶ್ರೀಶೈಲಪ್ಪ ಅತ್ತಿತ್ತ ನೋಡಿದ. ಫ್ಯಾನಿನ ಅಂಗಡಿಯವನು ವಲ್ಲಿಯೊಳಗೆ ಕೈ ಹಾಕಲು ಒಪ್ಪದ್ದರಿಂದ ಚೌಕಾಸಿಯಿಲ್ಲದೆ ಹೇಳಿದ ಬೆಲೆಗೇ ತಂದದ್ದನ್ನು ಅವನು ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಮೆಲ್ಲಗೆ ವಲ್ಲಿ ಬಿಚ್ಚಿಕೊಂಡು, ಹೆಂಡತಿಯ ಕೈಮೇಲೆ ಹೊದಿಸಿ, ಒಳಗೆ ಅವಳ ಮೂರು ಬೆರಳು ಹಿಡಿದು ಒತ್ತಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಜೊತೆ ಆ ಭಾಷೆಯಲ್ಲಿ ಮಾತಾಡಿದ್ದು ಅದೇ ಮೊದಲು. ಲಕ್ಕವ್ವನಿಗೆ ಯಾರೂ ಕಲಿಸದೆಯೇ ಅರ್ಥವಾಯಿತು.

"ಮೂರ ಸಾವಿರಾ!" ಎಂದು ಅವಳು ಕೂಗಿದ್ದು ಇಡೀ ಬಸ್ ನಿಲ್ದಾಣಕ್ಕೆ ಕೇಳಿಸಿತು. "ಬಾಜೂಮನಿ ಜಯಮಾಲಾ ಅಂಥಾದ್ದನ್ನ ಹದಿನೆಂಟ ನೂರಕ್ಕ ತಂದಾಳ್ರೀ!"