ಮಕ್ಕೊಂಡಾನ, ಎಬ್ಬಿಸಬ್ಯಾಡ್ರಿ

ಸಾಬಣ್ಣ ಕಾಕಾನಿಗೆ ಎರಡು ದನಿಗಳಿದ್ದವು. ಒಂದು ಗುಡ್ಡದ ಕೆಳಗಿನದು, ಇನ್ನೊಂದು ಗುಡ್ಡದ ಮೇಲಿನದು. ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಕೂತು ಅವನು "ಸಕ್ರಿ ಕಮ್ಮಿ ಹಾಕಪಾ" ಎಂದರೆ ಸುರಪುರದ ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುತ್ತಿದ್ದರು. ಅದೇ ಮನುಷ್ಯ ಆಡು ಹೊಡೆದುಕೊಂಡು ಗುಡ್ಡದ ಮೊದಲ ಬಂಡೆ ದಾಟಿದನೆಂದರೆ ಅಲ್ಲಿಂದ ಮುಂದೆ ಬರೀ ಪಿಸುಮಾತು. ಅವನದಷ್ಟೇ ಅಲ್ಲ, ಆಡುಗಳದ್ದೂ ಬಾಯಿ ಬಂದ್. ಅವುಗಳ ಕೊರಳ ಗಂಟೆಯೊಳಗೆ ಹಳೆಯ ಧೋತರದ ಚಿಂದಿ ತುರುಕಿದ ಮೇಲೆಯೇ ಮೇಲೆ ಹತ್ತಿಸುತ್ತಿದ್ದ.

ದೂರದ ರಸ್ತೆಯಿಂದ ನೋಡಿದರೆ ನಮ್ಮ ಗುಡ್ಡದ ಸಾಲು ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ತುಟಿ, ಎದೆ, ಒಂದೂ ಬಿಟ್ಟಿಲ್ಲ. ಬುದ್ಧ ಮಲಗಿದ್ದಾನೆ ಎನ್ನುತ್ತಾರೆ ಜನ, ಫೋಟೊ ತೆಗೆದುಕೊಳ್ಳುತ್ತಾರೆ, ಬಸ್ಸು ಹತ್ತಿ ಹೋಗಿಬಿಡುತ್ತಾರೆ. ಆ ಮಾತನ್ನು ನಂಬಿ ಅದರಂತೆ ನಡೆದುಕೊಂಡವನು ನನಗೆ ತಿಳಿದಂತೆ ಕಾಕಾ ಒಬ್ಬನೇ.

ನಾನು ಸಗರದವನು, ಶಹಾಪುರದಲ್ಲಿ ಹೈಸ್ಕೂಲ್ ಮಾಸ್ತರ. ನನ್ನ ದನಿ ನನಗೆ ಬಹಳ ಪ್ರೀತಿ. ಒಮ್ಮೆ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು, ಬಂಡೆಯ ಮೇಲೆ ನಿಂತು, ನಾಡು ನುಡಿ ಎಂದು ಭಾಷಣ ಶುರು ಮಾಡಿದ್ದೆ. ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ತಿರುಗಿದರೆ ಬಿಳಿ ಮೀಸೆ, ಕೆಂಪು ರುಮಾಲು, ತುಟಿಯ ಮೇಲೆ ಬೆರಳು.

"ಮಕ್ಕೊಂಡಾನ ಮಾಸ್ತರ. ಎಬ್ಬಿಸಬ್ಯಾಡ್ರಿ."

ಆ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ತೊಟ್ಟಿಲು ತೂಗುವ ಹೆಂಗಸಿನ ಕಾಳಜಿಯಿತ್ತು. ನಾನು ಪೆಚ್ಚಾಗಿ ದನಿ ಇಳಿಸಿದೆ. ನಲವತ್ತು ಮಕ್ಕಳು ಮುಂದಕ್ಕೆ ಸರಿದು ಕೂತರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಮಕ್ಕಳು ನನ್ನ ಪಾಠಕ್ಕೆ ಕಿವಿಗೊಟ್ಟದ್ದು ಅದೇ ಮೊದಲು.

ಇಳಿಯುವಾಗ ಕೇಳಿದೆ, "ಕಾಕಾ, ಅಂವ ಬುದ್ಧನೋ, ಮತ್ತ ಬ್ಯಾರೆ ದೇವರೋ, ನಿನ್ನಂಗ ಆಡು ಕಾಯಾಂವನೋ, ಖರೇ ಹೇಳು."

"ಯಾರಾದ್ರ ಏನ್ರಿ? ನಿದ್ದಿ ಹತ್ತಿದಾಂವನ್ನ ಹೆಸರು ಕೇಳಾಕ ಎಬ್ಬಸ್ತಾರೇನು?"

ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳೂ ಅವನ ಕೈಗೆ ಸಿಕ್ಕಿದ್ದುಂಟು. ಯಾದಗಿರಿಯಿಂದ ಬಂದ ಒಂದು ಜೋಡಿ ಸ್ಪೀಕರ್ ತಂದಿತ್ತು. ಕಾಕಾ ಅದರ ಮೇಲೆ ಮೊದಲು ತನ್ನ ಕಂಬಳಿ ಹೊದಿಸಿದ, ಆಮೇಲೆ ತಾನೇ ಕೂತ. ಪಾಪ, ಫೋಟೊದವನು ನಗಿರಿ, ತಿರುಗಿರಿ, ಹತ್ತಿರ ಬರ್ರಿ ಎನ್ನುವುದನ್ನೆಲ್ಲ ಕೈಸನ್ನೆಯಲ್ಲೇ ಹೇಳಬೇಕಾಯಿತು. ಹತ್ತಿರ ಬರ್ರಿ ಎಂಬ ಸನ್ನೆಗೆ ಜೊತೆಗೆ ಬಂದಿದ್ದ ಹುಡುಗಿಯ ಅಪ್ಪನೂ ಹತ್ತಿರ ಬಂದು ನಿಂತ. ಎಲ್ಲ ಫೋಟೊಗಳಲ್ಲೂ ಅವನಿದ್ದಾನೆ ಎಂದು ಆಮೇಲೆ ಕೇಳಿ ನಕ್ಕೆವು.

ಹೀಗಿರುವಾಗ ಗುಡ್ಡದ ಹಿಂಬದಿಗೆ, ಅಂದರೆ ಮಲಗಿದವನ ಕಾಲಿನ ಕಡೆಗೆ, ಕಲ್ಲಿನ ಕ್ವಾರಿ ಬರುತ್ತದೆಂಬ ಸುದ್ದಿ ಹಬ್ಬಿತು. "ಕಾಲಿಗಿ ಮದ್ದಿಟ್ಟು ಹಾರಸಿದ್ರ ತಲಿಗಿ ನಿದ್ದಿ ಬರ್ತದೇನ್ರಿ?" ಎಂದು ಕಾಕಾ ನನ್ನ ಮನೆ ಬಾಗಿಲಿಗೆ ಬಂದು ಕೂತ. ಗುಡ್ಡವನ್ನು ಸಂರಕ್ಷಿತ ಪ್ರದೇಶ ಮಾಡಬೇಕೆಂದು ನಾಲ್ಕಾರು ಜನ ಸೇರಿ ಅರ್ಜಿ ಬರೆದೆವು. ನೈಸರ್ಗಿಕ ಮೌಲ್ಯಗಳು, ಸಾಂಸ್ಕೃತಿಕ ಮೌಲ್ಯಗಳು ಎಂದು ಎರಡು ಭಾಗ ಮಾಡಿ ನಾನು ಹದಿನಾಲ್ಕು ಪುಟ ತುಂಬಿಸಿದೆ. ಅಷ್ಟು ಚೆಂದದ ಕನ್ನಡವನ್ನು ನಾನು ನನ್ನ ಹೆಂಡತಿಗೆ ಬರೆದ ಪತ್ರದಲ್ಲೂ ಬಳಸಿರಲಿಲ್ಲ.

ಸೀತಾಫಲದ ಕಾಲದಲ್ಲಿ ನಮ್ಮ ಅರ್ಜಿಯ ಮೇಲೆ ಅರಣ್ಯ ಇಲಾಖೆಯ ಒಬ್ಬ ಸಾಹೇಬರು ಗುಡ್ಡ ನೋಡಲು ಬಂದರು. ಚಹಾದಂಗಡಿಯಲ್ಲೇ ಕಾಕಾನಿಗೆ ನೇರವಾಗಿ ಹೇಳಿದರು, "ಅಜ್ಜಾ, ಸಂರಕ್ಷಿತ ಅಂತ ಆದ್ರ ಮ್ಯಾಲ ಆಡು ಮೇಯಿಸಾಕ ಬಿಡಂಗಿಲ್ಲ. ಗೊತ್ತದಲ್ಲ?"

ಕಾಕಾನ ಹತ್ತಿರ ಇದ್ದದ್ದು ಇಪ್ಪತ್ತೆರಡು ಆಡು, ಗೇಣು ಹೊಲವಿಲ್ಲ. ಇಷ್ಟು ದಿನ ಈ ಮಾತು ನನ್ನ ತಲೆಗೇ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವನು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಅಂದ, "ಮೊದಲ ಗುಡ್ಡ ನೋಡ್ರಿ ಸಾಹೇಬ್ರ. ಆಡಿಂದು ಆಮ್ಯಾಲ."

ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಹತ್ತಿದರು. ಮೊದಲ ಬಂಡೆಯ ಹತ್ತಿರ ಕಾಕಾ ಅಡ್ಡ ನಿಂತು ತುಟಿಗೆ ಬೆರಳಿಟ್ಟ. ಅವರು ಸಿಟ್ಟಿನಿಂದ ನನ್ನತ್ತ ನೋಡಿದರು. ನಾನು ನನ್ನ ಕೈಯಲ್ಲಿದ್ದ ಹದಿನಾಲ್ಕು ಪುಟಗಳತ್ತ ನೋಡಿದೆ. ಕೊನೆಗೆ ಅವರು ಫೋನು ಜೇಬಿಗಿಟ್ಟರು. ಸಂಜೆ ಬಿಸಿಲಲ್ಲಿ ಮೂವರೂ ಕಳ್ಳರ ಹಾಗೆ ನಡೆದೆವು.

ಮೂಗಿನ ಬಂಡೆಯ ತಿರುವಿನಲ್ಲಿ ಕಾಕಾ ಗಕ್ಕನೆ ನಿಂತ. ಕೆಳಗಿನ ಪೊದೆಯಲ್ಲಿ ಒಂದು ಕರಡಿ, ಬೆನ್ನ ಮೇಲೆ ಮರಿ ಹೊತ್ತು, ಉದುರಿದ ಸೀತಾಫಲ ಹೀರುತ್ತಿತ್ತು. ಸಾಹೇಬರು ನನ್ನ ಕೈ ಹಿಡಿದುಕೊಂಡರು. ನಾನು ಮೊದಲೇ ಅವರ ಕೈ ಹಿಡಿದಿದ್ದೆ. ಕಿರುಚಬೇಕೆಂದು ಇಬ್ಬರಿಗೂ ಅನಿಸಿತ್ತು, ಆದರೆ ಕಾಕಾನ ಬೆರಳು ತುಟಿಯಿಂದ ಇಳಿದಿರಲಿಲ್ಲ. ಕರಡಿ ತಿಂದು ಮುಗಿಸಿ, ಕೈ ನೆಕ್ಕಿ, ಮರಿಯೊಂದಿಗೆ ಬಂಡೆಗಳ ಸಂದಿಗೆ ಹೋಯಿತು.

ಸಾಹೇಬರು ಪೆನ್ನು ತೆಗೆದು ಪಿಸುಗುಟ್ಟಿದರು, "ಇದನ್ನ ಯಾವುದರಾಗ ಬರೀಲಿ? ನೈಸರ್ಗಿಕದಾಗೋ, ಸಾಂಸ್ಕೃತಿಕದಾಗೋ?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅಂದ, "ಕರಡೀನ ಮೊದಲನೇದರಾಗ ಬರೀರಿ. ನೀವು ಒದರಲಾರದ ಸುಮ್ಕ ನಿಂತಿದ್ದು ಎರಡನೇದರಾಗ ಬರೀರಿ."

ನನ್ನ ಹದಿನಾಲ್ಕು ಪುಟಗಳನ್ನು ಅವರು ಓದಿದರೋ ಇಲ್ಲವೋ ಗೊತ್ತಿಲ್ಲ. ಮರುವರ್ಷ ಆದೇಶ ಬಂತು. ಕ್ವಾರಿ ಇಲ್ಲ. ಆಡೂ ಇಲ್ಲ.

ಹೇಳಲು ನಾನೇ ಗುಡ್ಡ ಹತ್ತಿದೆ. ಕಾಕಾ ಮೂಗಿನ ಬಂಡೆಯ ನೆರಳಲ್ಲಿದ್ದ. ಎರಡೂ ಸುದ್ದಿಯನ್ನು ಅವನ ಕಿವಿಯಲ್ಲಿ ಹೇಳಿದೆ. ಅವನು ಆಡುಗಳನ್ನು ನೋಡಿದ. "ಹಂಗಾರ ಮಕ್ಕೋಲಿ ಬಿಡ್ರಿ, ಮಾಸ್ತರ" ಎಂದ.

ಇಳಿದು ಬಂದ ಮೇಲೆ ಒಂದೊಂದೇ ಆಡನ್ನು ಹಿಡಿದು ಗಂಟೆಯೊಳಗಿನ ಚಿಂದಿ ಕಿತ್ತ. ಒಂದು ಮರಿ ತನ್ನ ಗಂಟೆಯ ಸದ್ದಿಗೆ ತಾನೇ ಬೆದರಿ ಚಹಾದಂಗಡಿಗೆ ನುಗ್ಗಿತು. ಎಲ್ಲರೂ ನಕ್ಕರು, ಕಾಕಾನೂ ನಕ್ಕ. ಆಮೇಲೆ ಇಪ್ಪತ್ತೆರಡು ಗಂಟೆಗಳನ್ನು ಬಾರಿಸಿಕೊಂಡು ಕೆನಾಲ್ ದಂಡೆ ಹಿಡಿದು ಹೋದ. ಕೆಲವು ದಿನಕ್ಕೆ ಆಡು ಮಾರಿ ಮುದನಾಳದ ಮಗಳ ಮನೆ ಸೇರಿದನೆಂದು ಗೊತ್ತಾಯಿತು. ನೋಡಲು ಹೋಗಬೇಕು ಎನ್ನುತ್ತಲೇ ಉಳಿದೆ. ಹೋಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಕ್ಕಳೊಂದಿಗೆ ಗುಡ್ಡದ ಮೇಲಿದ್ದಾಗ ಅವನ ಮಗಳ ಫೋನು ಬಂತು. "ಸರ, ಅಪ್ಪ ಹೋದ್ರಿ" ಎಂದು ಅಳತೊಡಗಿದಳು. ಯಾವಾಗ, ಹೇಗೆ ಎಂದು ಕೇಳಿದೆ.

"ಏನೂ ಕೇಳವಲ್ದು ಸರ. ಜರಾ ಜೋರ ಮಾತಾಡ್ರಿ."

"ತಡಿಯವ್ವ," ಎಂದು ಪಿಸುಗುಟ್ಟಿದೆ, "ಗುಡ್ಡ ಇಳದು ಮಾತಾಡ್ತೀನಿ."

ಫೋನು ಕಿವಿಗೆ ಹಿಡಿದುಕೊಂಡೇ ಇಳಿದೆ. ಮೊದಲ ಬಂಡೆ ದಾಟುವ ತನಕ ತಡೆದುಕೊಂಡೆ. ದಾಟಿದ ಮೇಲೆ ಗಟ್ಟಿಯಾಗಿ ಅತ್ತುಬಿಟ್ಟೆ.