ನಲವತ್ತೊಂದು ಹಸಿರು ಬಿಲ್ಡಿಂಗು

ನಮ್ಮ ಸೌಂದರ್ಯಕ್ಕನ ಬಗ್ಗೆ ಏಳ್ಲೇಬೇಕು ಕಣ್ರೀ. ಪಿರಿಯಾಪಟ್ಣದ ಹತ್ರ ಒಂದು ಅಳ್ಳಿಯೋಳು. ಪಿಯುಸಿ ಓದೋವಾಗ ರಜ ಬಂದ್ರೆ ಅವ್ವನ ಜೊತೆ ಹೊಗೆಸೊಪ್ಪು ಗ್ರೇಡ್ ಮಾಡಕ್ಕೋಗೋಳು. ಎಲೆ ಮುಟ್ಟಿದ್ರೆ ಸಾಕು, ಯಾವ ಗುಡ್ಡೆಗೆ ಅಂತ ಬೆರಳಿಗೇ ಗೊತ್ತಾಗೋದು. ಈಗ ಹುಣಸೂರಲ್ಲಿ, ಬೇಕರಿ ಮೇಲಿನ ಆಫೀಸಲ್ಲಿ ಕಂಪ್ಯೂಟ್ರು ಮುಂದೆ ಅದೇ ಕೆಲ್ಸ. ಎಲೆ ಬದ್ಲು ಇಸ್ಕೂಲ್ ಬಿಲ್ಡಿಂಗು, ಅಷ್ಟೆ. ಯಾವ ಕಟ್ಟಡದಲ್ಲಿ ಯಾವ ಅಪಾಯದ ಸಾಮಾನೈತೆ, ಹಳೇ ಸಿಮೆಂಟ್ ಶೀಟೋ, ಸೀಸದ ಬಣ್ಣವೋ, ಎಲ್ಲಾನೂ ಮೇಷ್ಟ್ರ ಫೋನಲ್ಲೂ ಕಾಣೋ ಆಫೀಸಿನ ಆಪಲ್ಲಿ ಗುಂಪು ಮಾಡಿಟ್ಟಿದ್ದು ಇವಳೇ. "ಐತೆ" ಅಂದ್ರೆ ಕೆಂಪು. "ತೆಗೆದಾಗಿದೆ" ಅಂದ್ರೆ ಹಸಿರು, ಫೈಲು ಕ್ಲೋಸು.

ಆವತ್ತು ನಾಲ್ಕು ಗಂಟೆಗೆ ಹಸಿರಾದ ಇಸ್ಕೂಲ್ ಪಟ್ಟಿ ಜಿಲ್ಲಾ ಆಫೀಸಿಗೋಗ್ಬೇಕಿತ್ತು. ಮೂರು ಗಂಟೆಗೆ ಕೊನೇ ಸಲ ಫೋಟೊ ನೋಡ್ತಿದ್ದೋಳು ಭೇರ್ಯ ಕಡೆ ಒಂದು ಇಸ್ಕೂಲ್ ಹತ್ರ ನಿಂತ್ಬುಟ್ಲು. ಹೊಸ ತಗಡಿನ ಮಾಡು ಫಳಫಳ ಅಂತೈತೆ. ಫೋಟೊ ಮೂಲೇಲಿ, ಬಿಸಿಯೂಟದ ಅಡುಗೆಮನೆ ಗೋಡೆ ಪಕ್ಕ, ಒಡೆದ ಹಳೇ ಶೀಟಿನ ರಾಶಿ!

ಹಳೇ ಮಾಡು ಬಿಚ್ಚಿದ ಅದೇ ಊರಿನ ಕೆಲ್ಸಗಾರ ದೊಡ್ಡಮಾದಯ್ಯಂಗೆ ಫೋನ್ ಹೊಡೆದ್ಲು.

"ಮಾದಯ್ಯಣ್ಣ, ಹಳೇ ಶೀಟೇನ್ ಮಾಡಿದ್ರಿ?"

"ಏನ್ ಮಾಡದವ್ವ, ಚೆನ್ನಾಗಿದ್ದವ ಊರೋರು ಒತ್ಕೊಂಡೋದ್ರು. ನಮ್ಮ ಕಡೆ ಯಾರಾದ್ರೂ ಶೀಟ್ ಎಸೀತಾರಾ? ಚೂರುಪಾರು ಇಲ್ಲೇ ಅವೆ. ಅಂಗಳ ಗುಂಡಿ ಬಿದ್ದೈತಲ್ಲ, ಮೂರೂವರೆಗೆ ಇಸ್ಕೂಲ್ ಬುಡ್ತಿದ್ದಂಗೆ ಕುಟ್ಟಿ ಪುಡಿ ಮಾಡಿ ತುಂಬುಸ್ತೀವಿ. ಇಸ್ಕೂಲ್ ಬುಟ್ಟ ಐಕಳೂ ಒತ್ಕೊಡ್ತಾವೆ."

ಆ ಶೀಟೊಳಗಿರೋದು ಕಲ್ನಾರು, ಅದೇ ಆಸ್ಬೆಸ್ಟಾಸು. ಮಾಡ ಮೇಲೆ ಸುಮ್ನಿದ್ರೆ ಅದೂ ಸುಮ್ನಿರ್ತದೆ. ಕುಟ್ಟಿದ್ರೆ ಕಣ್ಣಿಗ್ ಕಾಣದ ಧೂಳು ಎದೇಲಿ ಕೂತು, ಎಷ್ಟೋ ವರ್ಷ ಆದ್ಮೇಲೆ ಉಸಿರಿಗೇ ಕೈ ಆಕ್ತದೆ.

"ಬ್ಯಾಡ ಅಣ್ಣ! ಮೇಷ್ಟ್ರಿಗೆ ಕೊಡಿ ಫೋನು!"

ಎಡ್‌ಮೇಷ್ಟ್ರು ಪ್ರಭುಸ್ವಾಮಿ ಫೋನಿಗೆ ಬಂದ್ರು. "ಏನ್ ಮೇಡಂ, ನಿಮ್ಮ ಆಪೇ ಹಸ್ರು ತೋರಿಸ್ತಾ ಐತಲ್ಲ, ಏನೂ ಅಪಾಯ ಇಲ್ಲ ಅಂತ. ಊರೋರು ಕೆಲ್ಸ ಬುಟ್ಟು ಬಂದವ್ರೆ. ನಿಮ್ಮ ಬಾಯಿ ಮಾತು ನಂಬ್ಲಾ, ಆಪ್ ನಂಬ್ಲಾ?"

ಕಟ್ ಆಯ್ತು. ಮತ್ತೆ ಮಾಡಿದ್ರೆ ಎತ್ತಲ್ಲ.

ಗಡಿಯಾರ ಮೂರು ಹದಿನೆಂಟು. ಹುಣಸೂರಿಂದ ಭೇರ್ಯಕ್ಕೆ ಹಾರ್ಕೊಂಡೋದ್ರೂ ಆಗಲ್ಲ. ಕ್ಲೋಸ್ ಆದ್ಮೇಲೆ ಒಂದೇ ಬಿಲ್ಡಿಂಗಿನ ಫೈಲ್ನ ಮಾತ್ರ ಮತ್ತೆ ತೆರೆಯೋಕೂ ಬರಲ್ಲ, ಆಪಲ್ಲಿ ಆ ಬೀಗ ಆಕಿದ್ದೂ ಇವಳೇ! "ತೆಗೆದಾಗಿದೆ" ಅನ್ನೋ ಗುಂಪನ್ನೇ ಒಡೀಬೇಕು. ಒಡೆದ್ರೆ ಒಳಗಿರೋ ನಲವತ್ತೊಂದು ಬಿಲ್ಡಿಂಗೂ ಒಟ್ಗೆ ಕೆಂಪು.

ಇವಳು ಏನ್ ಮಾಡಕ್ಕೊಂಟವ್ಳೆ ಅಂತ ತಿಳಿದು ಆಫೀಸಿನ ಮೇಲಧಿಕಾರಿ ಮಹದೇವಪ್ರಸಾದ್ ಸಾರು ಓಡ್ಬಂದ್ರು. "ತಲೆ ಕೆಟ್ಟೈತೇನಮ್ಮ? ಒಂದ್ ಇಸ್ಕೂಲಿಗೋಸ್ಕರ ಆರು ತಿಂಗ್ಳ ಕೆಲ್ಸ ಕೆಡುಸ್ತೀಯಾ? ನಾಳೆ ಒಬ್ರನ್ನ ಕಳ್ಸಿದ್ರಾಯ್ತು ಬುಡು."

"ನಾಳೆಗೆ ಪುಡಿ ಆಗಿರ್ತದೆ ಸಾರ್. ಹೊಗೆಸೊಪ್ಪಲ್ಲಿ ಕೆಟ್ಟ ಎಲೆಗೂ ಒಂದು ಗುಡ್ಡೆ ಇರ್ತದೆ. ನಾನು ಮಾಡಿರೋದ್ರಲ್ಲಿ ತೆಗೆದ ಶೀಟಿಗೆ ಗುಡ್ಡೆನೇ ಇಲ್ಲ. ಮಿಕ್ಕಿದ್ ನಲವತ್ತರದ್ದು ಎಲ್ಲೋಯ್ತು, ನಿಮಗ್ ಗೊತ್ತಾ?"

ಸಾರು ಗಡಿಯಾರ ನೋಡಿ ಮೆಲ್ಲಗೆ, "ನಾಲ್ಕು ಗಂಟೆಗೆ ಏನಮ್ಮ ಕಳಿಸ್ಲಿ ನಾನು?"

"ಕೆಂಪೇ ಕಳ್ಸಿ ಸಾರ್."

ಹಸಿರು ಗುಂಪು ಒಡೆದು, ಹೊಸಾ ಗುಂಪಿಗೆ ಹೆಸರು ಹೊಡೆದ್ಲು: "ತೆಗೆದಾಗಿದೆ, ಎಲ್ಲಿದೆ ಗೊತ್ತಿಲ್ಲ." ಒತ್ತಿದ್ಲು. ಸ್ಕ್ರೀನು ಮೇಲಿಂದ ಕೆಳಕ್ಕೆ ಕೆಂಪಾಗ್ತಾ ಬಂತು. ಮೂರು ಇಪ್ಪತ್ತೊಂಬತ್ತು.

ಫೋನ್ ಬರಲಿಲ್ಲ. ಮೂರು ಮೂವತ್ತೊಂದು. ಮೂವತ್ನಾಲ್ಕು. ಕೆಳಗೆ ಬೇಕರಿಲಿ ಯಾರೋ ಪಪ್ಸ್ ಕೇಳ್ತಾವ್ರೆ, ಇಲ್ಲಿ ಇವಳು ಫೋನೇ ನೋಡ್ತಾ ಕುಂತವ್ಳೆ. ಮೂವತ್ತಾರಕ್ಕೆ ರಿಂಗಾಯ್ತು, ದೊಡ್ಡಮಾದಯ್ಯ.

"ಏನವ್ವ ಇದು, ಮೇಷ್ಟ್ರ ಫೋನು ಬೆಂಕಿ ಬಿದ್ದಂಗ್ ಕೆಂಪಾಗೈತೆ! ಸುತ್ಗೆ ಎತ್ತಿದ್ದೆ ಕಣವ್ವ, ಮೇಷ್ಟ್ರೇ ಬಂದು ಕೈ ಇಡ್ಕೊಂಡ್ಬುಟ್ರು."

"ಒಂದೇಟೂ ಬಿದ್ದಿಲ್ವಾ?"

"ಇಲ್ಲ ಕಣ್ ತಾಯಿ."

ಸೌಂದರ್ಯ ಕುರ್ಚಿಗೆ ಒರಗಿದ್ಲು. "ನೀರು ಚುಮುಕ್ಸಿ, ಟಾರ್ಪಾಲ್ ಮುಚ್ಚಿ. ಐಕಳ್ನ ಅತ್ಲಾಗೆ ಕಳ್ಸಿ. ಆಮೇಲೆ, ಚೆನ್ನಾಗಿರೋ ಶೀಟು ಯಾರ್ಯಾರು ಒಯ್ದ್ರು ಏಳಿ, ಬರ್ಕೋತೀನಿ."

"ಚಿಕ್ಕಬೀರಯ್ಯನ ಕೊಟ್ಗೆಗೆ ನಾಲ್ಕು. ವೀರಮ್ಮನ ಒಲೆ ಮೇಲಕ್ಕೆ ಎರಡು." ಅಷ್ಟೊತ್ತು ಗಟ್ಟಿಯಾಗಿದ್ದ ದೊಡ್ಡಮಾದಯ್ಯನ ದನಿ ಸಣ್ಣಕಾಯ್ತು. "ಇನ್ನೊಂದು... ನಮ್ಮ ಬಚ್ಚಲಿಗೆ, ತೂತು ಕೊರ್ದು ಆಕಿವ್ನಿ. ಅದೂ ಬರ್ಕೊಳವ್ವ."