ಪೂಜೆಗೆ ಇಡದ ಕಂಪ್ಯೂಟರ್

ಚೆಂಡು ಹೂವಿನ ವಾಸನೆಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಬೆರೆತರೆ ಸಾಕು, ಶಿಕಾರಿಪುರದ ಆ ಕಂಪ್ಯೂಟರ್ ಸೆಂಟರ್ ನೆನಪಾಗುತ್ತದೆ, ಅಲ್ಲಿ ಕಲಿಸುತ್ತಿದ್ದ ನಮ್ಮ ಸರ್ ನೆನಪಾಗುತ್ತಾರೆ. ಇವತ್ತು ಬೆಳಗ್ಗೆಯೂ ಹಾಗೇ ಆಯಿತು...

ತೊಂಬತ್ತರ ದಶಕದ ಕೊನೆ. ನಾನು ತೊಗರ್ಸಿಯಿಂದ ಬಸ್ಸಿನಲ್ಲಿ ಅಲ್ಲಿಗೆ ಕಲಿಯಲು ಬರುತ್ತಿದ್ದೆ. ಕೊನೆಯ ಪರೀಕ್ಷೆ ಪಾಸಾದರೆ ಅಲ್ಲೇ ಕಲಿಸುವ ಕೆಲಸ ಸಿಗುತ್ತಿತ್ತು; ಇಲ್ಲದಿದ್ದರೆ ಕಲಿತದ್ದು ಸಾಕು, ಮನೆಯಲ್ಲಿರು ಎಂದು ಅಪ್ಪ ಹೇಳಿಬಿಟ್ಟಿದ್ದರು. ಒಳ್ಳೆಯ ದಿನವೆಂದು ಸೆಂಟರಿನ ಮಾಲೀಕರು ಆ ಪರೀಕ್ಷೆಯನ್ನು ವಿಜಯದಶಮಿಯಂದೇ ಇಟ್ಟಿದ್ದರು. ಅದರ ಹಿಂದಿನ ದಿನ ಆಯುಧಪೂಜೆ ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ! ಕಂಪ್ಯೂಟರುಗಳನ್ನೆಲ್ಲ ಒರೆಸಿ, ಸಾಲಾಗಿ ಜೋಡಿಸಿ, ವಿಭೂತಿ ಬಳಿದು, ಹೂವಿಟ್ಟು ಚಾಲೂ ಮಾಡಿದೆವು. ಒರೆಸುವ ಭರದಲ್ಲಿ, ಯಾವುದು ಯಾವುದೆಂದು ಗುರುತಿಗೆ ಸರ್ ಅಂಟಿಸಿದ್ದ ನಂಬರಿನ ಚೀಟಿಗಳೂ ಹೋದವು.

ಮಂಗಳಾರತಿ ಮುಗಿಯುವಷ್ಟರಲ್ಲಿ ಮುಖ್ಯ ಕಂಪ್ಯೂಟರ್ ತಕರಾರು ತೆಗೆಯಿತು. ನೆಟ್‌ವರ್ಕಿನಲ್ಲಿ ಅದಕ್ಕೆ ಕೊಟ್ಟಿದ್ದ ವಿಳಾಸವನ್ನೇ ಇನ್ನೊಂದು ಕಂಪ್ಯೂಟರ್ ಹಿಡಿದುಕೊಂಡು ಕೂತಿತ್ತು. ಯಾವುದೆಂದರೆ ಹೆಸರಿಲ್ಲ, ಅದರ ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ ಹುಟ್ಟುನಂಬರು ಮಾತ್ರ ಪರದೆಯ ಮೇಲಿತ್ತು. ನಾಳೆ ತೋರಿಸಬೇಕಾದ ನನ್ನ ಪ್ರೋಗ್ರಾಂ ಆ ಮುಖ್ಯ ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡಿತು. ನನಗೆ ಅಳುವೇ ಬಂತು.

ಒಂದೊಂದನ್ನೇ ನೋಡೋಣವೆಂದರೆ ಮಾಲೀಕರ ತಾಯಿ ಬಾಗಿಲಲ್ಲೇ ಕೂತಿದ್ದರು.

“ಪೂಜಿ ಆದದ್ದನ್ನ ನಾಳೆ ತನಕ ಯಾರೂ ಮುಟ್ಟಂಗಿಲ್ಲ ನೋಡ್ರಿ!”

“ಮುಟ್ಟಲ್ಲ ಬಿಡ್ರಿ ಅಜ್ಜಿ. ಬರೇ ಕೇಳ್ತೀನಿ,” ಎಂದರು ಸರ್.

ಹಿಂದಿನ ಕೋಣೆಯಲ್ಲಿ ರಿಪೇರಿಗೆ ಬಿಚ್ಚಿಟ್ಟಿದ್ದ ಹಳೆಯ ಕಂಪ್ಯೂಟರಿಗೆ ಮಾತ್ರ ಪೂಜೆ ಆಗಿರಲಿಲ್ಲ. ಸರ್ ಅದರ ಮುಂದೆ ಕೂತು, ನಿನ್ನ ಕಾರ್ಡಿನ ನಂಬರೇನು ಎಂದು ಸಾಲಿನ ಒಂದೊಂದು ಕಂಪ್ಯೂಟರಿಗೂ ತಂತಿಯ ಮೂಲಕ ಪ್ರಶ್ನೆ ಕಳಿಸಿದರು. ಉತ್ತರಗಳು ಬರತೊಡಗಿದವು... ಕಡೆಗೊಂದು ತಾಳೆಯಾಯಿತು. ಆದರೆ ಸಾಲಿನಲ್ಲಿ ಅದು ಎಲ್ಲಿದೆ? ಸರ್ ಅದಕ್ಕೆ ಇನ್ನೇನೋ ಹೇಳಿ ಕಳಿಸಿದರು. ಕಿಟಕಿ ಪಕ್ಕದ ಕಂಪ್ಯೂಟರಿನ ಸಿ.ಡಿ. ತಟ್ಟೆ ಕಿರ್ರೆಂದು ತಾನಾಗಿ ಹೊರಬಂತು. ಅಲ್ಲಿ ಸಿಕ್ಕಿಸಿದ್ದ ಹೂವು ಬಲಕ್ಕೆ ಉದುರಿತು.

ಅಜ್ಜಿ ಕೈಮುಗಿದು ಎದ್ದುನಿಂತರು. “ಬಲಗಡೆ ಹೂ ಕೊಟ್ಟಾಳ ತಾಯಿ! ಅಪ್ಪಣಿ ಆತು, ಇನ್ನ ಮುಟ್ರಿ.”

ಸರ್ ನಗು ತಡೆದುಕೊಂಡು ಅದರ ವಿಳಾಸ ಬದಲಿಸಿದರು; ನನ್ನ ಪ್ರೋಗ್ರಾಂ ಸಿಕ್ಕಿತು. ಮರುದಿನ ನಾನು ಪಾಸಾದೆ.

ಸರ್ ತೀರಿಕೊಂಡು ಬಹಳ ವರ್ಷವಾಯಿತು. ಕೇಳಬೇಕಾದ್ದು ಎಷ್ಟೋ ಉಳಿದಿತ್ತು... ಸೊರಬದಲ್ಲಿ ಈಗ ನನ್ನದೇ ಸೆಂಟರ್ ಇದೆ. ಇವತ್ತು ಆಯುಧಪೂಜೆ; ಹುಡುಗಿಯರು ಎಲ್ಲದಕ್ಕೂ ಕುಂಕುಮವಿಟ್ಟು, ಹೂವು ಹಿಡಿದು ಹಿಂದಿನ ಕೋಣೆಯ ಕಂಪ್ಯೂಟರಿನ ಕಡೆಗೂ ಹೊರಟರು.

“ಅದೊಂದಕ್ಕೆ ಬ್ಯಾಡ್ರೇ,” ಎಂದೆ. “ಅದು ನಮ್ ಸರ್ ಕೂರೋ ಜಾಗ. ನಾಳೆ ನಿಮ್ಮ ಪರೀಕ್ಷೆ ಇದೆಯಲ್ಲ.”